ಕೈಗುಣ

ನಮ್ಮ ಮನೆಯಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಬೇರೆಯವರು ಬಾನೆಟ್ ಎತ್ತಿ ಒಳಗೆ ನೋಡುತ್ತಾರೆ. ನಾನು ಸುತ್ತ ನಿಂತವರ ಮುಖ ನೋಡುತ್ತೇನೆ. ಮೊನ್ನೆ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲೂ ಹೀಗೇ ಆಯಿತು. ಮೊಮ್ಮಗಳು ಮೇಘಾ ಭದ್ರಾವತಿಯಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡುತ್ತಾಳೆ, ದಿನಾ ತನ್ನ ಕಾರಿನಲ್ಲಿ ಹೋಗಿ ಬರುತ್ತಾಳೆ. ಭಾನುವಾರ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ತಾನೇ ಹೊಸ ಬ್ಯಾಟರಿ ಕೂರಿಸಿದಳು. ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ ಅಂದಳು. ಸೋಮವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ಟಕ್ ಟಕ್ ಅಂದು ಸುಮ್ಮನಾಯಿತು. ಅಳಿಯ ಹಲ್ಲುಜ್ಜುತ್ತಲೇ ಬಂದು ಪೆಟ್ರೋಲ್ ಇದೆಯಾ ಅಂದ. ಪಕ್ಕದ ಮನೆಯವರು ತಳ್ಳೋಣವಾ ಅಂದರು. ಮಗಳು, ಬಸ್ಸಿಗೆ ಹೋಗು ಅಂತ ನಾನು ಆಗಲೇ ಹೇಳಿದೆ ಅಂದಳು, ಹೇಳಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತಿದ್ದವಳು ಒಂದೇ ಮಾತು ಕೇಳಿದೆ.

"ಇವತ್ತು ಇವಳು ಹೋಗೋದು ಇಲ್ಲಿ ಯಾರಿಗೆ ಬೇಡವಾಗಿದೆ?"

"ಅಯ್ಯೋ ಅಜ್ಜಿ, ಬ್ಯಾಟರಿಗೆ ನನ್ನ ಮೇಲೆ ಏನು ಹಗೆ ಮಾರಾಯ್ತಿ?"

ಎಲ್ಲರೂ ನಕ್ಕರು. ಕೊನೆಗೆ ಬ್ಯಾಟರಿಗೆ ಕಚ್ಚಿಸುವ ಕ್ಲಾಂಪು ಸಡಿಲ ಇತ್ತಂತೆ, ಸ್ಪ್ಯಾನರಿನಲ್ಲಿ ಬಿಗಿ ಮಾಡಿದಳು, ಹೊರಟು ಹೋದಳು. ಅಷ್ಟೇ. ಆದರೂ ನನ್ನ ಪ್ರಶ್ನೆ ಹುಚ್ಚು ಪ್ರಶ್ನೆಯಲ್ಲ. ನಗುವವರು ನಗಲಿ. ಅವರಾರೂ ಭದ್ರಾವತಿ ಓಲ್ಡ್ ಟೌನಿನಲ್ಲಿದ್ದ ನಮ್ಮ ತವರುಮನೆ ಕಂಡವರಲ್ಲ.

ಆ ಮನೆಯ ಮುಂದಿನ ಕೋಣೆ ನಮ್ಮದಾಗಿರಲಿಲ್ಲ, ಕಾರಿನದಾಗಿತ್ತು. ಮೊದಲು ಅದು ಯಾರದೋ ಅಂಗಡಿಯಂತೆ, ಮರದ ಹಲಗೆಗಳನ್ನು ಒಂದೊಂದೇ ತೆಗೆದು ಬಾಗಿಲು ತೆರೆಯಬೇಕು. ನಮ್ಮಪ್ಪ ಶಿವಣ್ಣ ಬಾಡಿಗೆ ಕಾರು ಓಡಿಸುತ್ತಿದ್ದ. ಕಪ್ಪು ಮೈ, ಹಳದಿ ತಲೆಯ ಅಂಬಾಸಿಡರ್. ಅಪ್ಪನಿಗಿಂತ ಮೊದಲು ಅದನ್ನು ಎಷ್ಟು ಜನ ಓಡಿಸಿದ್ದರೋ, ಸೀಟಿನ ಹೊಟ್ಟೆಯ ನಾರೆಲ್ಲ ಹೊರಬಂದಿತ್ತು. ಬೀದಿಯಲ್ಲಿ ಬಿಟ್ಟರೆ ದನ ಮೈಯುಜ್ಜುತ್ತವೆ, ಹುಡುಗರು ಗೀಚುತ್ತಾರೆ ಅಂತ ಅಪ್ಪ ಅದನ್ನು ಒಳಗೇ ತಂದು ನಿಲ್ಲಿಸುತ್ತಿದ್ದ. ಅದು ಒಳಗೆ ಬಂದ ಮೇಲೆ ಗೋಡೆಗೂ ಕಾರಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಬಸುರಿಯಾದಾಗ ಅವ್ವನಿಗೆ ಅಲ್ಲಿ ನುಸುಳಲು ಆಗುತ್ತಿರಲಿಲ್ಲ, ಹಿತ್ತಲ ಬಾಗಿಲಿನಿಂದ ಸುತ್ತಿ ಬರುತ್ತಿದ್ದಳು. ಶಿವಣ್ಣನ ಹೆಂಡತಿ ಹಿತ್ತಲ ದಾರಿ ಹಿಡಿದಳು ಅಂದರೆ ಬೀದಿಯವರು ಬೇರೆ ಏನೂ ಕೇಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಬಂದವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದೆವು. ನಾನು ಕಿಟಕಿಯಿಂದ ಕಾಫಿ ಲೋಟ ಕೊಡುತ್ತಿದ್ದೆ, ಖಾಲಿ ಲೋಟ ಕಿಟಕಿಯಿಂದಲೇ ವಾಪಸ್ಸು ಬರುತ್ತಿತ್ತು. ಬಾಡಿಗೆ ಮುಗಿಸಿ ಬಂದ ಕಾರಿನ ಬಾನೆಟ್ ಬಿಸಿಯಿರುತ್ತಿತ್ತು, ಅದರ ಮೇಲೆ ಬಟ್ಟೆ ಹಾಸಿ ಅವ್ವ ಮೆತ್ತಗಾದ ಹಪ್ಪಳ ಹರಡುತ್ತಿದ್ದಳು. ನಾವು ತಿಂದ ಹಪ್ಪಳಕ್ಕೆಲ್ಲ ಚೂರು ಪೆಟ್ರೋಲಿನ ವಾಸನೆ. ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಹಣೆಗೆ ವಿಭೂತಿ ಬಳಿದುಕೊಂಡು, ಅದೇ ಬೆರಳಿನಲ್ಲಿ ಸ್ಟೇರಿಂಗಿಗೂ ಮೂರು ಗೆರೆ ಎಳೆಯುತ್ತಿದ್ದ. ಆಮೇಲೆ ಮಕ್ಕಳಿಗೆ. ಮೊದಲು ಕಾರು, ಆಮೇಲೆ ನಾವು.

ಜಗಳಕ್ಕೂ ಕಾರೇ ಬೇಕಾಗಿತ್ತು. ಅಪ್ಪನ ಅಕ್ಕ ಗೌರತ್ತೆ ಗಂಡ ಹೋದ ಮೇಲೆ ನಮ್ಮಲ್ಲೇ ಇದ್ದಳು. ಅವಳಿಗೆ ದಮ್ಮು, ಒಲೆಯ ಹೊಗೆ ಆಗದು, ಕೊಡ ಎತ್ತಲಾಗದು. ಕಿವಿ ಮಾತ್ರ ಬಹಳ ಚುರುಕು. ಹಾಗಾಗಿ ಅಪ್ಪ ಅವ್ವನಿಗೆ ಮಾತಾಡುವುದಿದ್ದರೆ ಇಬ್ಬರೂ ಕಾರಿನ ಒಳಗೆ ಹೋಗಿ ಕೂತು ಗಾಜು ಏರಿಸಿಕೊಳ್ಳುತ್ತಿದ್ದರು. ಹೊರಗಿನಿಂದ ನಮಗೆ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವ್ವನ ಕೈ ಡ್ಯಾಶ್‌ಬೋರ್ಡಿಗೆ ಬಡಿದರೆ ಅವ್ವ ಗೆಲ್ಲುತ್ತಿದ್ದಾಳೆ ಅಂತ ಲೆಕ್ಕ. ಅಪ್ಪ ಸ್ಟೇರಿಂಗ್ ಹಿಡಿದುಕೊಂಡರೆ ಸೋಲುತ್ತಿದ್ದಾನೆ ಅಂತ. ನಾನು, ನನ್ನ ಇಬ್ಬರು ಪುಟ್ಟ ತಮ್ಮಂದಿರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆವು. ಗೌರತ್ತೆ ಒಳಗಿನಿಂದ ನನ್ನನ್ನು ಕೂಗುತ್ತಿದ್ದಳು.

"ಏನಂತೆ? ಏನಂತೆ ಪಾರಿ?"

"ಗಾಜು ಹಾಕಿದ್ದಾರೆ ಅತ್ತೆ."

"ಹಾಳಾದ ಗಾಡಿ!"

ಇನ್ನು ನನ್ನ ಕೈಗುಣದ ಮಾತು. ಕೆಲವರ ಕೈ ಒಳ್ಳೇದು, ಕೆಲವರದು ಅಲ್ಲ ಅಂತ ನಮ್ಮ ಕಡೆ ನಂಬಿಕೆ. ಒಳ್ಳೆ ಕೈಗುಣ ಇದ್ದವರು ಬೀಜ ಹಾಕಿದರೆ ಬಳ್ಳಿ ಏಳುತ್ತದೆ, ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತದೆ. ನನ್ನ ಕೈಗುಣ ಒಳ್ಳೇದು ಅಂತ ಬೀದಿಗೆಲ್ಲ ಹೇಳಿದವನು ಅಪ್ಪನೇ. ಆ ಕಾಲದ ಕಾರಿಗೆ ಕೀಲಿ ತಿರುಗಿಸಿದ ಮೇಲೆ ಸ್ಟಾರ್ಟರ್ ಗುಂಡಿ ಅಂತ ಒಂದನ್ನು ಎಳೆಯಬೇಕು, ದಿನಾ ಬೆಳಿಗ್ಗೆ ಅದನ್ನು ಮೊದಲು ಎಳೆಯಬೇಕಾದವಳು ನಾನು. ನಾನು ಎಳೆದ ದಿನ ಒಳ್ಳೆ ಬಾಡಿಗೆ ಸಿಗುತ್ತದೆ ಅನ್ನುತ್ತಿದ್ದ. ಒಮ್ಮೆ ಜ್ವರ ಬಂದು ಮಲಗಿದ್ದವಳನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದು ಸೀಟಿನಲ್ಲಿ ಕೂರಿಸಿ ಗುಂಡಿ ಎಳೆಸಿದ್ದ. ಹಿಂದಿನ ಬೀದಿಯವರು ಹೀರೆ ಬೀಜ ಹಾಕಿಸಲು ನನ್ನನ್ನು ಕರೆಯುತ್ತಿದ್ದರು. ನಾನು ದೊಡ್ಡ ಮನುಷ್ಯಳ ಹಾಗೆ ಹೋಗಿ ಹಾಕಿ ಬರುತ್ತಿದ್ದೆ. ನನ್ನ ಕೈಯನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ನೆಂಟರಿಗೆ ಆನೆ ತೋರಿಸಬೇಕು ಅಂತ ಸಕ್ರೆಬೈಲಿಗೆ ಬಾಡಿಗೆ ಹಿಡಿಯುವವರು ಇರುತ್ತಿದ್ದರು. ಒಂದು ಸಲ ಅಪ್ಪ ನನ್ನನ್ನೂ ಮುಂದೆ ಕೂರಿಸಿಕೊಂಡು ಹೋದ. ಜನ ಹೊಳೆಯ ಕಡೆ ಇಳಿದ ಮೇಲೆ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿದ್ದ ಒಂದು ಕಪ್ಪು ಮುಚ್ಚಳದ ಎರಡು ಕ್ಲಿಪ್ ಸರಿಸಿ ಮುಚ್ಚಳ ತೆಗೆದ. ಅದರ ಒಳಗಿನಿಂದ ಹೆಬ್ಬೆರಳಿನಷ್ಟು ದೊಡ್ಡದೊಂದು ಕರಿಯ ವಸ್ತುವನ್ನು ಮೇಲಕ್ಕೆ ಎಳೆದುಕೊಂಡ. ಅದರ ನೆತ್ತಿಯ ಮೇಲೆ ಹಿತ್ತಾಳೆಯ ನಾಲಿಗೆ.

"ಇದೇನು ಗೊತ್ತಾ? ರೋಟರು. ಇದು ಇಲ್ದಿದ್ರೆ ಪ್ಲಗ್ಗಿಗೆ ಕರೆಂಟೇ ಹೋಗಲ್ಲ. ದೇವೇಂದ್ರ ಬಂದ್ರೂ ಗಾಡಿ ಕದಿಯಕ್ಕಾಗಲ್ಲ."

"ಲೈಟು ಹತ್ತುತ್ತಾ?"

"ಲೈಟು ಹತ್ತುತ್ತೆ, ಹಾರನ್ನು ಆಗುತ್ತೆ, ಸ್ಟಾರ್ಟರ್ರೂ ಗರಗರ ತಿರುಗುತ್ತೆ. ಗಾಡಿ ಮಾತ್ರ ಏಳಲ್ಲ. ಗಾಡಿ ಜೀವ ಈಗ ನನ್ನ ಜೇಬಲ್ಲಿದೆ ನೋಡು."

ಜೇಬಿಗೆ ಹಾಕಿಕೊಳ್ಳಲು ಹೋದವನು ಏನನ್ನಿಸಿತೋ ನನ್ನ ಕೈಗೇ ಕೊಟ್ಟ. ಆವತ್ತು ನಾನು ಆನೆಗಳ ಸ್ನಾನ ನೋಡಿದ್ದು ಒಂದು ಕೈ ಮುಷ್ಟಿ ಕಟ್ಟಿಕೊಂಡೇ.

ಏಳನೇ ಕ್ಲಾಸಿನಲ್ಲಿ ನಾನು ಚೆನ್ನಾಗಿ ಪಾಸಾದೆ. ನಮ್ಮ ಸುಶೀಲಾ ಟೀಚರ್ ಮನೆಗೇ ಬಂದರು. ಹಿಂದಿನ ಸೀಟಿನಲ್ಲಿ ಕೂತು ಕಾಫಿ ಕುಡಿದರು. ಶಿವಮೊಗ್ಗದಲ್ಲಿ ಹುಡುಗಿಯರ ಹೈಸ್ಕೂಲು ಇದೆ, ಹಾಸ್ಟೆಲಿನಲ್ಲಿ ಊಟ ವಸತಿ ಪುಕ್ಕಟೆ, ಒಂದು ಜಾಗ ಹಿಡಿದಿಟ್ಟಿದ್ದೇನೆ ಅಂದರು.

"ಸೋಮವಾರ ಹತ್ತು ಗಂಟೆ ಒಳಗೆ ತಂದೆ ಜೊತೆ ಅಲ್ಲಿರಬೇಕು. ಬರ್ಲಿಲ್ಲ ಅಂದ್ರೆ ಮುಂದಿನ ಹುಡುಗಿಗೆ ಕೊಡ್ತಾರೆ, ಕಾಯಲ್ಲ. ಏನಂತೀರಿ ಶಿವಣ್ಣ?"

"ಅನ್ನೋದೇನಿದೆ ಟೀಚರ್? ನನ್ನ ಮಗಳು ಬಸ್ಸಲ್ಲಿ ನೇತಾಡ್ಕೊಂಡು ಹೋಗಲ್ಲ. ಕಾರಲ್ಲೇ ಕರ್ಕೊಂಡು ಹೋಗಿ ಇಳಿಸ್ತೀನಿ, ಮಹಾರಾಣಿ ಥರ."

ಅಪ್ಪ ಇದನ್ನು ಬೀದಿಯಲ್ಲೂ ಹೇಳಿಕೊಂಡು ಬಂದ. ಅವ್ವ ಆ ತಿಂಗಳು ಹಿತ್ತಲ ದಾರಿ ಹಿಡಿದಿದ್ದಳು.

ಭಾನುವಾರ ಅಪ್ಪ ಬಾಡಿಗೆಗೆ ಹೋಗಲಿಲ್ಲ. ದಾರಿಯಲ್ಲಿ ಎಂಜಿನ್ ತಡೆತಡೆದು ಮಿಸ್ಸಿಂಗ್ ಹೊಡೆಯಬಾರದು ಅಂತ ಮನೆಯಲ್ಲೇ ಅದನ್ನು ಬಿಚ್ಚಿ ಕೂತ. ಇಂಥ ಕೆಲಸಕ್ಕೆ ನಾನೇ ಅವನ ಜೊತೆಗಾರ್ತಿ. ನನ್ನ ಕೆಲಸ ತಟ್ಟೆ ಹಿಡಿಯುವುದು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಸಾಲಿನಲ್ಲೇ ತಟ್ಟೆಯಲ್ಲಿ ಇಡಬೇಕು, ಜೋಡಿಸುವಾಗ ಹಿಂದಿನಿಂದ ಒಂದೊಂದೇ ಕೊಡಬೇಕು. ಕೊನೆಗೆ ಖಾಲಿ ತಟ್ಟೆಯನ್ನು ಅಪ್ಪನಿಗೆ ತೋರಿಸಬೇಕು. ತಟ್ಟೆ ಖಾಲಿಯಾದರೆ ಕೆಲಸ ಸರಿಯಾಯಿತು ಅಂತ. ಅವನು ಪ್ಲಗ್ಗು ಉಜ್ಜಿದ, ಪಾಯಿಂಟು ಬದಲಾಯಿಸಿದ. ನಾನು ಕೊಟ್ಟ ರೋಟರನ್ನು ನನ್ನ ಕಣ್ಣೆದುರಿಗೇ ಕೂರಿಸಿ ಮುಚ್ಚಳ ಹಾಕಿ ಕ್ಲಿಪ್ ಒತ್ತಿದ.

"ತಟ್ಟೆ?"

"ಖಾಲಿ."

"ಶಾಭಾಷ್."

"ಸ್ಟಾರ್ಟ್ ಮಾಡಿ ನೋಡೋಣ್ವಾ ಅಪ್ಪ?"

"ಬೇಡ, ಒಳಗೆ ಹೊಗೆ ತುಂಬುತ್ತೆ, ಅಕ್ಕಂಗೆ ದಮ್ಮು. ಬೆಳಿಗ್ಗೆ ನೀನೇ ಎಳೆಯುವಂತೆ."

ಆ ಸಂಜೆ ಅಪ್ಪ ಅವ್ವ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡರು. ನಾನು ಲಂಗ ಮಡಿಸಿ ಟ್ರಂಕಿಗೆ ತುಂಬುತ್ತಾ ನಡುನಡುವೆ ನೋಡಿದೆ. ಅವ್ವ ಡ್ಯಾಶ್‌ಬೋರ್ಡಿಗೆ ಬಡಿಯುತ್ತಿದ್ದಳು. ಅಪ್ಪ ಸ್ಟೇರಿಂಗ್ ಹಿಡಿದು ತಲೆ ತಗ್ಗಿಸಿದ್ದ. ನನಗೆ ಖುಷಿಯಾಯಿತು. ಅಪ್ಪ ಮನಸ್ಸು ಬದಲಿಸಿರಬೇಕು, ಅವ್ವ ನನ್ನ ಪರ ಹೊಡೆದಾಡುತ್ತಿದ್ದಾಳೆ, ಗೆಲ್ಲುತ್ತಿದ್ದಾಳೆ ಅಂದುಕೊಂಡೆ. ಗೆದ್ದದ್ದು ನಿಜ. ಯಾರ ಪರ ಅನ್ನುವುದು ಗಾಜಿನ ಆಚೆಯಿಂದ ಕಾಣುವುದಿಲ್ಲ.

ಸೋಮವಾರ ಅವ್ವ ಬೇಗ ಎದ್ದು ನನಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಹೊರಡುವವರಿಗೆ ಒಳ್ಳೆಯದಾಗಲಿ ಅಂತ ಕೊಡುವ ಮೊಸರು ಅವಲಕ್ಕಿ ಕೊಟ್ಟಳು. ನಾನು ಇಸ್ತ್ರಿ ಮಾಡಿದ ನೀಲಿ ಲಂಗ ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತು ದೇವರನ್ನು ನೆನೆದು ಗುಂಡಿ ಎಳೆದೆ. ಸ್ಟಾರ್ಟರ್ ಗರಗರ ತಿರುಗಿತು. ಕಾರು ಏಳಲಿಲ್ಲ. ಮತ್ತೆ ಎಳೆದೆ. ಮತ್ತೆ ಗರಗರ. ಅಪ್ಪ ಬಂದು ಎಳೆದ, ಅವನಿಗೂ ಏಳಲಿಲ್ಲ. ಹಲಗೆ ತೆಗೆದು ಕಾರನ್ನು ಬೀದಿಗೆ ತಳ್ಳಿ, ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದ. ಆಮೇಲೆ ಪೆಟ್ರೋಲ್ ಪೈಪ್ ಬಿಚ್ಚಿ ಊದಿದ. ಆಮೇಲೆ ನಿಧಾನಕ್ಕೆ ಒಂದು ಬೀಡಿ ಹಚ್ಚಿದ. ಅಪ್ಪನಿಗೆ ಅವಸರವೇ ಇಲ್ಲ ಅಂತ ನನಗೆ ಆಗ ಅನ್ನಿಸಲಿಲ್ಲ.

ಎದುರು ಮನೆಯ ಮುನಿಸಾಮಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಮಿಳಿನವನು, ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದ, ನಡುವೆ ಅವನದ್ದೂ ಸೇರಿಕೊಳ್ಳುತ್ತಿತ್ತು, ಗಾಡಿಗೆ ವಂಡಿ ಅನ್ನುತ್ತಿದ್ದ. ಟಿಫನ್ ಡಬ್ಬಿ ಹಿಡಿದು ಹೊರಟವನು ನಿಂತ.

"ಏನಾಚು ಶಿವಣ್ಣ, ವಂಡಿ ಮಲ್ಕೊಂಡ್ಬಿಡ್ತಾ?"

"ನಿನ್ನೆ ಸರ್ವೀಸ್ ಮಾಡಿದ್ದೆ ಮಾರಾಯ. ಕಂಡೆನ್ಸರ್ ಹೋಯ್ತೇನೋ."

ಮುನಿಸಾಮಿ ಒಂದು ಪ್ಲಗ್ಗು ಬಿಚ್ಚಿ ವೈರಿಗೆ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ಹಿಡಿದ. ನನಗೆ ಗುಂಡಿ ಎಳೆಯಲು ಹೇಳಿದ. ಕಿಡಿ ಬರಲಿಲ್ಲ.

"ಕರೆಂಟೇ ಇಲ್ಲಪ್ಪಾ ಇಲ್ಲಿ. ಆ ಮೂಡಿ ತೆಗ್ದು ಒಂದ್ಸಾರಿ ಒಳಗೆ ನೋಡ್ಬಿಡು."

ಅವನು ಹೇಳಿದ್ದು ಆ ಕಪ್ಪು ಮುಚ್ಚಳದ ಮಾತು. ನಾನು ಇಳಿದು ಬಂದು ಕ್ಲಿಪ್ಪಿಗೆ ಕೈ ಹಾಕಿದೆ. ಅಪ್ಪ ಕೈ ಮೇಲೆ ಹೊಡೆದ. ಅಪ್ಪ ನನಗೆ ಹೊಡೆದದ್ದು ಅದೇ ಮೊದಲು.

"ಮುಟ್ಬೇಡ! ಅದೆಲ್ಲ ನಿನ್ನೆನೇ ನೋಡಿ ಆಗಿದೆ."

"ಹಂಗಾರೆ ಪಾಪೂನ ಬಸ್ಸಲ್ಲಿ ಕರ್ಕೊಂಡು ಹೋಗು ಶಿವಣ್ಣ. ವಂಡಿ ಎಲ್ಲಿ ಓಡೋಗುತ್ತೆ?"

"ಒಂದು ನಿಮಿಷ ತಡಿ ಸಾಮಿ. ತಳ್ಳಿದ್ರೆ ಎದ್ದೇಳುತ್ತೆ."

ತಳ್ಳಿದರು. ಮುನಿಸಾಮಿ, ಹಾಲಿನವನು, ಬೀದಿಯ ಹುಡುಗರು ಎಲ್ಲ ಸೇರಿ ಇಳಿಜಾರಿನಲ್ಲಿ ಹೊಳೆಯ ಕಡೆಗೆ ತಳ್ಳಿದರು. ಅಪ್ಪ ಸ್ಟೇರಿಂಗ್ ಹಿಡಿದು ಗೇರು ಹಾಕಿ ಕ್ಲಚ್ ಬಿಟ್ಟ. ಕಾರು ಮುಗ್ಗರಿಸಿ ನಿಂತಿತು. ಇನ್ನೊಂದು ಸಲ ಅಂದ. ಮತ್ತೆ ಮುಗ್ಗರಿಸಿತು. ಇಳಿಜಾರು ಮುಗಿಯಿತು. ಅಲ್ಲಿಂದ ಏರಿನಲ್ಲಿ ಅದನ್ನು ಮನೆಯ ತನಕ ವಾಪಸ್ಸು ತಳ್ಳಿ ತರುವುದರಲ್ಲಿ ಕಾರ್ಖಾನೆಯ ಒಂಬತ್ತೂವರೆಯ ಸೈರನ್ ಕೂಗಿತು. ನಮ್ಮೂರಲ್ಲಿ ಗಡಿಯಾರ ನೋಡುತ್ತಿದ್ದವರು ಕಡಿಮೆ, ಎಲ್ಲ ಸೈರನ್ನಿನ ಮೇಲೆ. ಮುನಿಸಾಮಿ ಡಬ್ಬಿ ಎತ್ತಿಕೊಂಡು ಓಡಿದ. ನನಗೂ ಗೊತ್ತಾಯಿತು. ಇನ್ನು ಯಾವ ಬಸ್ಸು ಹತ್ತಿದರೂ ಹತ್ತು ಗಂಟೆಗೆ ಶಿವಮೊಗ್ಗ ಸಿಗುವುದಿಲ್ಲ.

ಗೌರತ್ತೆ ಹೊಸ್ತಿಲಿಗೆ ಬಂದು ಏದುಸಿರು ಬಿಡುತ್ತಾ ಕೂತಿದ್ದಳು.

"ಹೊರಟಾಗ ಗಾಡಿ ನಿಂತ್ರೆ ಹೋಗ್ಬಾರ್ದು ಶಿವಣ್ಣ. ನಿನ್ನೆ ಆ ಸಾಮಾನೆಲ್ಲ ಹಿಡ್ಕೊಂಡಿದ್ದು ಯಾರು?"

"ಪಾರಿ," ಅಂದ ಅಪ್ಪ.

"ನೋಡ್ದ್ಯಾ? ನೀನು ಇವಳ ಕೈಗುಣ ಒಳ್ಳೇದು ಒಳ್ಳೇದು ಅಂತ ಕುಣಿದಿದ್ದೇ ಕುಣಿದಿದ್ದು. ಮುಟ್ಟಿದ್ದು ಕೆಡೋ ಕೈ ಇದು."

ನಾನು ಅಪ್ಪನ ಮುಖ ನೋಡಿದೆ. ಜ್ವರದಲ್ಲಿ ಕಂಬಳಿ ಸುತ್ತಿ ಎತ್ತಿಕೊಂಡು ಬಂದವನು ಈಗ ಒಂದು ಮಾತು ಆಡುತ್ತಾನೆ ಅಂತ ಕಾದೆ. ಬೀದಿಯವರೂ ನಿಂತಿದ್ದರು.

"ಹ್ಞೂ, ಏನೋ ಇರ್ಬೇಕು ಕೈಗುಣ," ಅಂದ. "ಏನೋ ವಾಷರ್ರೋ ಗೀಷರ್ರೋ ಬೀಳಿಸಿದ್ದಾಳೆ."

"ತಟ್ಟೆ ಖಾಲಿ ಇತ್ತಲ್ಲಪ್ಪ. ನೀನೇ ನೋಡ್ದೆ."

"ಬಿದ್ದು ಹೋಗಿದ್ದು ತಟ್ಟೇಲಿ ಇರುತ್ತೇನೇ? ತಟ್ಟೆ ಖಾಲೀನೇ ಇರುತ್ತೆ."

ಹೌದಲ್ಲ, ಕೆಳಗೆ ಬಿದ್ದದ್ದು ತಟ್ಟೆಯಲ್ಲಿ ಹೇಗಿರುತ್ತದೆ? ನನ್ನ ಕೈಯೇ ಜಾರಿರಬೇಕು. ಮುಂದಿನ ಕೋಣೆಗೆ ಹೋಗಿ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ ತಡವಿದೆ. ಎಣ್ಣೆ ಸುರಿದು ಸುರಿದು ಕಪ್ಪಾಗಿದ್ದ ನೆಲ. ನೀಲಿ ಲಂಗ ಎದೆಯಿಂದ ಅಂಚಿನ ತನಕ ಕಪ್ಪಾಯಿತು. ಮೂಲೆಯ ಕಸ ಬೆರಳಲ್ಲಿ ಕೆದಕಿದೆ. ಒಂದು ಹಳೇ ಗುಂಡುಪಿನ್ನು, ಒಣಗಿದ ಹಪ್ಪಳದ ಚೂರು ಸಿಕ್ಕಿತು. ತಲೆಯೆತ್ತಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತು ನಾನು ಹುಡುಕುವುದನ್ನು ನೋಡುತ್ತಿದ್ದ. ಏಳು ಅನ್ನಲಿಲ್ಲ. ಅದೊಂದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಹುರುಳಿಕಟ್ಟಿನ ಸಾರು. ಅಪ್ಪ ಅಂಗಿ ಕಳಚಿ ಮೊಳೆಗೆ ಹಾಕಿ, ಬನಿಯನ್ನಿನಲ್ಲಿ ಕಾರಿನ ಹಿಂದಿನ ಸೀಟಿಗೆ ಹೋಗಿ ಮಲಗಿದ. ನಾನು ಎಣ್ಣೆಯಾದ ಲಂಗ ಒಗೆಯಲು ಹಿತ್ತಲಿಗೆ ಹೊರಟವಳು, ಇದ್ದ ಬಟ್ಟೆಯೆಲ್ಲ ಒಗೆದು ಬಿಡೋಣ ಅಂತ ಅಪ್ಪನ ಅಂಗಿಯನ್ನೂ ತೆಗೆದುಕೊಂಡೆ. ನೆನೆಸುವ ಮೊದಲು ಜೇಬು ನೋಡುವುದು ನನ್ನ ಅಭ್ಯಾಸ, ಬೀಡಿ ಪುಡಿ ಇರುತ್ತದೆ. ಕೈ ಹಾಕಿದೆ. ಹೆಬ್ಬೆರಳಿನಷ್ಟು ದೊಡ್ಡದೊಂದು ವಸ್ತು ಕೈಗೆ ಸಿಕ್ಕಿತು. ತೆಗೆದು ನೋಡುವುದು ಬೇಕಾಗಿರಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದು ಆನೆ ನೋಡಿದವಳು ನಾನು.

ಅವ್ವ ಬಾವಿಕಟ್ಟೆಯ ಹತ್ತಿರ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಅವಳ ಮೊರದೊಳಗೆ ರೋಟರ್ ಹಾಕಿದೆ.

"ಇದು ಅಪ್ಪನ ಜೇಬಲ್ಲಿತ್ತು."

ಅವ್ವ ಅದನ್ನು ನೋಡಿದಳು. ಕಲ್ಲು ಆರಿಸುವ ಹಾಗೆ ಎತ್ತಿ ಪಕ್ಕಕ್ಕಿಟ್ಟಳು.

"ಗೊತ್ತು," ಅಂದಳು. "ನಾನೇ ಹೇಳಿದ್ದು."

ನಾನು ನಿಂತೇ ಇದ್ದೆ.

"ನಿಮ್ಮಪ್ಪ ಟೀಚರ್ ಎದುರಿಗೆ ದೊಡ್ಡಸ್ತಿಕೆ ಮಾಡ್ದ. ನಿಂಗೆ ಬೇಡ ಅನ್ನಕ್ಕೆ ಅವನ ಬಾಯಿ ಬರಲ್ಲ. ನಿಮ್ಮತ್ತೆಗೆ ಹೊಗೆ ಆಗಲ್ಲ, ನೀರು ಆಗಲ್ಲ. ಇವೆರಡು ಹುಡುಗ್ರು, ಹೊಟ್ಟೇಲೊಂದು. ಹೋದ್ಸಲ ಹೆತ್ತಾಗ ನಾನು ಸತ್ತು ಬದುಕಿದ್ದು ನೀನು ನೋಡ್ಲಿಲ್ವಾ? ನೀನೂ ಹೋದ್ರೆ ನಾನೇನು ಮಾಡ್ಲಿ ಹೇಳು."

"ನನ್ನನ್ನೇ ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ನೀನು ಹೋಗ್ತೀನಿ ಅಂತಿದ್ದೆ."

"ಮೊಸರವಲಕ್ಕಿ ಯಾಕೆ ಕೊಟ್ಟೆ?"

ಅವ್ವ ಅಕ್ಕಿ ಕೇರಲು ಶುರು ಮಾಡಿದಳು, ಕೇರುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ.

ಅವ್ವನ ಕಷ್ಟ ಸುಳ್ಳಲ್ಲ. ನಾನೂ ಹೆತ್ತಿದ್ದೇನೆ, ನನಗೆ ಗೊತ್ತು. ಬಾಯಿ ಬಿಟ್ಟು ಕೇಳಿದ್ದರೆ ನಾನು ಏನನ್ನುತ್ತಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೋಗ್ತೀನಿ ಅಂತಿದ್ದೆನೋ, ಇರ್ತೀನಿ ಅಂತಿದ್ದೆನೋ, ಗೊತ್ತಿಲ್ಲ. ಗೊತ್ತಾಗಲು ಅವರು ಬಿಡಲಿಲ್ಲ. ಬೇಡ ಅಂದರೆ ನಾನು ಅತ್ತು ಹಟ ಮಾಡಿ ಸುಮ್ಮನಾಗುತ್ತಿದ್ದೆ, ಎಲ್ಲ ಮನೆಯಲ್ಲೂ ಆಗುವ ಹಾಗೆ. ಇವರು ಬೇಡ ಅನ್ನಲಿಲ್ಲ. ನನ್ನ ಕೈ ಕೆಟ್ಟದ್ದು ಅಂತ ನನ್ನನ್ನೇ ನಂಬಿಸಿದರು.

ಮರುದಿನ ಬೆಳಿಗ್ಗೆ ದಿನಾ ಏಳುವ ಹೊತ್ತಿಗೇ ಎದ್ದೆ. ಅವ್ವ ಪಕ್ಕಕ್ಕಿಟ್ಟಿದ್ದನ್ನು ಎತ್ತಿಟ್ಟುಕೊಂಡಿದ್ದೆ, ಅವಳೂ ಕೇಳಿರಲಿಲ್ಲ. ಅಪ್ಪ ಹೊರಗೆ ಚರಂಡಿಯ ಹತ್ತಿರ ಹಲ್ಲುಪುಡಿ ತಿಕ್ಕುತ್ತಿದ್ದ. ಕಾರು ಬೀದಿಯಲ್ಲೇ ಇತ್ತು. ನಾನು ಬಾನೆಟ್ ಎತ್ತಿದೆ. ಕ್ಲಿಪ್ಪು ಸರಿಸಿ ಮುಚ್ಚಳ ತೆಗೆದೆ. ರೋಟರಿನ ಒಳಗೆ ಒಂದು ಕಚ್ಚು ಇರುತ್ತದೆ, ಅದು ಒಂದೇ ದಿಕ್ಕಿನಲ್ಲಿ ಕೂರುವುದು, ತಪ್ಪಾಗಿ ಕೂರಿಸುತ್ತೇನೆಂದರೂ ಆಗದು. ಕೂರಿಸಿದೆ. ಮುಚ್ಚಳ ಹಾಕಿ, ಕ್ಲಿಪ್ಪು ಒತ್ತಿ, ಬಾನೆಟ್ಟನ್ನು ಬೀದಿಗೆಲ್ಲ ಕೇಳುವ ಹಾಗೆ ಕುಕ್ಕಿದೆ. ಸೀಟಿಗೆ ಹೋಗಿ ಕೂತು ಕೀಲಿ ತಿರುಗಿಸಿ ಗುಂಡಿ ಎಳೆದೆ. ಒಂದೇ ಸಲಕ್ಕೆ ಎದ್ದಿತು. ಅಪ್ಪ ಬಾಯಿ ತುಂಬ ನೊರೆ ಇಟ್ಟುಕೊಂಡು ತಿರುಗಿ ನಿಂತ.

ಗೌರತ್ತೆಗೆ ಪಾಪ ಏನೂ ಗೊತ್ತಿರಲಿಲ್ಲ. ಗಾಜು ಏರಿಸಿ ಆಡಿದ ಮಾತು ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಸದ್ದು ಕೇಳಿ ಎದ್ದು ಬಂದವಳು ಚಪ್ಪಾಳೆ ತಟ್ಟಿದಳು.

"ನೋಡೋ ಶಿವಣ್ಣ! ಸುಮ್ನೆ ಅಂದೆ ನಾನು. ಏನೇ ಹೇಳು, ಹುಡುಗಿ ಕೈಗುಣ ಒಳ್ಳೇದು!"

ಅಪ್ಪ ಉಗಿದು ಬಾಯಿ ತೊಳೆದುಕೊಂಡ. ಹತ್ತಿರ ಬಂದ. ನಾನು ಎಂಜಿನ್ ಆರಿಸಲಿಲ್ಲ.

"ಇವತ್ತು ಹೋಗೋಣ್ವಾ ಅಪ್ಪ?"

"ನಿನ್ನೆಗೇ ಮುಗೀತಲ್ಲ ಪಾರಿ," ಅಂದ.

ಆಗ ಆರಿಸಿದೆ. ಇಳಿದು ಒಳಗೆ ಹೋಗಿ ಒಲೆ ಹಚ್ಚಿದೆ. ಅದರ ಮರುದಿನ ಅಪ್ಪ ಎಂದಿನ ಹಾಗೆ, ಬಾರೇ ನೀನೇ ಎಳಿ ಅಂತ ಕರೆದ. ಹಿಟ್ಟು ಕೈಯಲ್ಲಿದೆ ಅಂದೆ. ಅದರ ಮರುದಿನವೂ ಹಿಟ್ಟೇ. ಆಮೇಲೆ ಅವನು ಕರೆಯಲಿಲ್ಲ. ಹೀರೆ ಬೀಜ ಹಾಕಿಸಲು ಬಂದವರಿಗೂ ನೀವೇ ಹಾಕಿಕೊಳ್ಳಿ ಅಂದೆ. ಯಾರಾದರೂ ನಮ್ಮನ್ನು ಹೊಗಳಿದರೆ ಅವರ ಇನ್ನೊಂದು ಕೈ ಎಲ್ಲಿದೆ ಅಂತ ನೋಡುವುದು ನನಗೆ ಅಲ್ಲಿಂದ ಬಂತು. ಜನ ನನ್ನನ್ನು ಒರಟಿ ಅನ್ನುತ್ತಾರೆ. ಅನ್ನಲಿ.

ನಾನು ಶಿವಮೊಗ್ಗಕ್ಕೆ ಬಂದದ್ದು ಮದುವೆಯಾಗಿಯೇ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಕಾರಿನ ಹಿಂದಿನ ಸೀಟಿನಲ್ಲೇ ಕೂರಿಸಿದ್ದೆವು. ಗಂಡು, ಅವನ ತಾಯಿ, ಸೋದರಮಾವ, ಮೂವರೂ ಒತ್ತಿಕೊಂಡು. ನಾನು ಹೊಸ ಸೀರೆ ಉಟ್ಟು ಕಿಟಕಿಯಿಂದ ಕಾಫಿ ಕೊಟ್ಟೆ. ಅಪ್ಪ ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಾನೆಟ್ಟಿಗೆ ಒರಗಿ ನಿಂತಿದ್ದ. ಸೋದರಮಾವ ಕಾಫಿ ಹೀರಿ ಕೇಳಿದರು.

"ಹುಡುಗಿ ಎಷ್ಟು ಓದಿದ್ದಾಳೆ?"

"ಏಳನೇದು," ಅಂದ ಅಪ್ಪ. "ಚೆನ್ನಾಗೇ ಓದ್ತಿದ್ಲು. ಆದ್ರೆ ಮುಂದಕ್ಕೆ ಓದಕ್ಕೆ ಅವಳಿಗೇ ಮನಸ್ಸಿರ್ಲಿಲ್ಲ."

ನೋಡಲು ಬಂದವರ ಎದುರು ಹುಡುಗಿ ತಲೆ ಎತ್ತಿ ಮಾತಾಡುವ ಕಾಲವಲ್ಲ ಅದು. ನಾನು ಕಿಟಕಿಯೊಳಗೆ ಬಗ್ಗಿ ಖಾಲಿ ಲೋಟ ತೆಗೆದುಕೊಂಡೆ.

"ಮನಸ್ಸಿತ್ತು," ಅಂದೆ. "ಗಾಡಿ ಸ್ಟಾರ್ಟ್ ಆಗ್ಲಿಲ್ಲ."

ಸೋದರಮಾವ ಜೋರಾಗಿ ನಕ್ಕರು. ಹುಡುಗಿ ಚೂಟಿ ಇದ್ದಾಳೆ ಅಂದರು, ಗಂಡೂ ನಕ್ಕ. ಅಪ್ಪ ನಗಲಿಲ್ಲ. ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಜೇಬಿನಲ್ಲಿ ಏನೂ ಇರಲಿಲ್ಲ. ನಾನೇ ಒಗೆದ ಅಂಗಿ ಅದು, ನನಗೆ ಗೊತ್ತಿತ್ತು.